ಬೋರಲು ಹಾಕಿದ ಗಡಿಗೆ

“ಅಳಿಯಂದಿರ, ಅವನ್ನ ತಿರುವಬ್ಯಾಡ್ರಿ. ಬೋರಲ ಬಿದ್ದಾವು, ಬೋರಲ ಇರ್ಲಿ.”

ಹಿತ್ತಲ ಬಾಗಿಲಲ್ಲಿ ನಿಂತು ಶಿವದೇವಿ ಹೇಳಿದ್ದು ಇಷ್ಟೇ. ಹೇಳಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಕಾರ್ತಿಕನಿಗೆ ನಗು ತಡೆಯಲಾಗಲಿಲ್ಲ. ಸರ್ಕಾರಿ ಕಾರ್ಖಾನೆಯ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಅತ್ತೆ, ತುಕ್ಕು ಹಿಡಿದ ಮೂರು ಎರಕದ ಕಬ್ಬಿಣದ ಗಡಿಗೆಗಳಿಗೆ ಹೆದರುವುದೆಂದರೆ! ಅವನು ಅವನ್ನು ಕೈಯಿಂದ ಮುಟ್ಟುವ ಮರ್ಯಾದೆಯನ್ನೂ ಕೊಡಲಿಲ್ಲ. ದೊಡ್ಡ ಗಡಿಗೆಯ ಅಂಚಿಗೆ ಬೂಟಿನ ತುದಿ ಸಿಕ್ಕಿಸಿ ಒದ್ದ. ಅದು ಒಂದು ಸುತ್ತು ಉರುಳಿ, ಬಾಯಿ ಮೇಲಾಗಿ ನಿಂತಿತು.

ಹಸಿಮಣ್ಣಿನ ವಾಸನೆ ಬರಬೇಕಿತ್ತು. ಬಂದದ್ದು ಬೇಯುತ್ತಿರುವ ಜೋಳದ ನುಚ್ಚಿನ ವಾಸನೆ. ಹೊರಮೈಯೆಲ್ಲ ತುಕ್ಕು ತಿಂದು ಹಕ್ಕಳೆ ಎದ್ದಿದ್ದರೂ ಒಳಗೆ ಒಂದು ಚೂರು ತುಕ್ಕಿಲ್ಲ. ನಿನ್ನೆಯಷ್ಟೇ ಬೆಳಗಿಟ್ಟಂತೆ ಕರ್ರಗೆ, ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ಅದು ಬೋರಲು ಬಿದ್ದಿದ್ದ ಜಾಗದಲ್ಲಿ ಹುಲ್ಲಿರಲಿಲ್ಲ, ಇರುವೆಯೂ ಇರಲಿಲ್ಲ.

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿದ್ದ ಶಿವದೇವಿಯ ಹಳೆಯ ಮನೆಯನ್ನು ಬಿಲ್ಡರ್‌ಗೆ ಕೊಟ್ಟಾಗಿತ್ತು. ಸಾಮಾನೆಲ್ಲ ಖಾಲಿ ಮಾಡಿ ಆಗಿತ್ತು, ಗಡಿಗೆಗಳಷ್ಟೇ ಉಳಿದಿದ್ದವು. ಕಾರ್ತಿಕನ ಹೆಂಡತಿ ನಿರೀಕ್ಷಾಗೆ ಅವುಗಳ ತಳಕ್ಕೆ ತೂತು ಕೊರೆದು, ಮಣಿಕೊಂಡದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಹೂವಿನ ಕುಂಡ ಮಾಡಿಕೊಳ್ಳುವ ಆಸೆ. ಕಾರ್ತಿಕ ಅದನ್ನು ಕೇಳಿಯೇ ಲೊಚಗುಟ್ಟಿದ.

“ಇಂಥ ಕಬ್ಬಿಣಕ್ಕೆ ತೂತು ಕೊರೆದು ಮಣ್ಣು ತುಂಬ್ತೀಯಾ? ನಿನ್ನ ತಲೆಗೇ ತುಂಬ್ಕೋ. ಉಜ್ಜಿ, ಎಣ್ಣೆ ಹಚ್ಚಿ ಪಳಗಿಸಿದ್ರೆ ಇದರಲ್ಲಿ ಮಾಡೋ ಅಡುಗೇನೇ ಬೇರೆ.”

ಆ ಲೊಚಗುಟ್ಟುವಿಕೆಯೇ ಅವನ ಬಂಡವಾಳ. ಮದುವೆಯಾಗಿ ಮೈಸೂರಿನಿಂದ ಹೈದರಾಬಾದಿಗೆ ಬಂದವನು, ಹೋಟೆಲು ಹೋಟೆಲಿಗೆ ನುಗ್ಗಿ ತಿಂದು, ಕ್ಯಾಮೆರಾ ಮುಂದೆ ಬಯ್ಯುವುದನ್ನೇ ಕಸುಬು ಮಾಡಿಕೊಂಡಿದ್ದ. ಒಂದು ತುತ್ತು ಬಾಯಿಗಿಟ್ಟು “ಚ್ಚ್” ಎಂದನೆಂದರೆ ಆ ಹೋಟೆಲಿನವನ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಜನಕ್ಕೂ ಇನ್ನೊಬ್ಬರು ಬೈಸಿಕೊಳ್ಳುವುದನ್ನು ನೋಡುವ ಚಪಲ, ಹಾಗಾಗಿ ಹೆಸರು ಬಂದಿತ್ತು. ಅಬಿಡ್ಸ್‌ನಲ್ಲಿ ತೆರೆಯಲಿದ್ದ ದೊಡ್ಡ ಹೋಟೆಲೊಂದು ಅವನನ್ನು ರುಚಿ ನೋಡುವ ಕೆಲಸಕ್ಕೆ ಕರೆದಿತ್ತು. ಅವನಿಗಿದ್ದ ಆಸ್ತಿಯೆಂದರೆ ಆ ನಾಲಿಗೆಯೊಂದೇ.

ಶಿವದೇವಿ ಗಡಿಗೆಯ ಬಳಿ ಬರದೆ, ಬಾಗಿಲಿಂದಲೇ ಉಳಿದದ್ದನ್ನು ಹೇಳಿದರು. ಚಿತ್ತಾಪುರದ ಕಡೆಯ ಹಳ್ಳಿಯಲ್ಲಿ ಅವರ ಮಾವನ ಮನೆಗೆ ಬಂಡೆಮ್ಮ ಎಂಬ ಅಡುಗೆಯವಳಿದ್ದಳು. ಮನೆಯ ಹಿರಿಯನೊಬ್ಬ ಮದುವೆ ಪಂಕ್ತಿಯಲ್ಲಿ ಅವಳ ಅಡುಗೆಯನ್ನು ಹೀಗಳೆದು, ಬಾಯಲ್ಲಿದ್ದ ತುತ್ತನ್ನು ಅವಳ ಗಡಿಗೆಗೇ ಉಗುಳಿದ.

“ಆಕಿ ಮಾಟ ಮಾಡಾವನ ಕಡೆ ಹೋದ್ಲು. ಮೂರೂ ಗಡಿಗಿ ಸುಡುಗಾಡಿನ್ಯಾಗ ಹೂಳಿಸಿ, ತೆಗದು ತಂದು, ಮತ್ತ ಒಲಿ ಮ್ಯಾಲೆ ಇಟ್ಲು. ಆ ಹಿರ್ಯಾಗ ಮೊದಲ ರುಚಿ ಹೋತು. ಆಮ್ಯಾಲೆ ನಾಲಿಗಿ ಒಣಗಿ ಬಾಯಾಗ ಕಟ್ಟಿಗಿ ಆತು. ಸತ್ತ.”

“ಮತ್ತೆ ಗುಜರಿಯವನಿಗೆ ಹಾಕೋದಲ್ವಾ ಅತ್ತೆ?”

“ಕಬಾಡಿಯವಗೂ ಮನಿ ಮಕ್ಕಳು ಇರ್ತಾವಲ್ಲರಿ. ಬೋರಲ ಇದ್ರ ಏನೂ ಮಾಡಂಗಿಲ್ಲ ಅಂತ ನಮ್ಮತ್ತಿ ಹೇಳಿದ್ರು. ಅಮಾಸಿಗಿ ಊರಿಂದ ನಮ್ಮ ಕಾಶಿನಾಥಣ್ಣ ಬಂದು ಬೋರಲ ಒಯ್ದು ಭೀಮಾ ಹೊಳಿಗಿ ಬಿಡ್ತಾನ. ಅಲ್ಲಿತನಕ ತಡೀರಿ.”

ಕಾರ್ತಿಕ ದೊಡ್ಡ ಗಡಿಗೆಯನ್ನು ಕಾರಿನ ಡಿಕ್ಕಿಗೆ ಹಾಕಿದ. ಉಳಿದೆರಡನ್ನು ಹೊಳೆಯ ಮೀನುಗಳಿಗೆ ಬಿಟ್ಟಿದ್ದೇನೆ ಎಂದು ನಕ್ಕ. ಶಿವದೇವಿ ಕಾರಿನ ಕಿಟಕಿಯವರೆಗೂ ಬಂದರು.

“ಅಡಿಗಿ ಮಾಡೇ ಮಾಡ್ತೀರಿ, ಗೊತ್ತೈತಿ. ಉಣ್ಣಾಗ ಮಾತ್ರ ಅದಕ್ಕ ಹೆಸರ ಇಡಬ್ಯಾಡ್ರಿ.”

ಊಟಕ್ಕೆ ಹೆಸರಿಟ್ಟು, ಕೊಂಕು ತೆಗೆದೇ ಹೊಟ್ಟೆ ಹೊರೆಯುವವನಿಗೆ ಹೇಳುವ ಮಾತೇ ಇದು! ದಾರಿಯುದ್ದಕ್ಕೂ ಕಾರ್ತಿಕ ಅತ್ತೆಯ ದನಿಯನ್ನು ಅಣಕಿಸುತ್ತ ಬಂದ. ಹಿಂದೆ ಡಿಕ್ಕಿಯಲ್ಲಿ ಗಡಿಗೆ ಪ್ರತಿ ಹಳ್ಳಕ್ಕೂ ಸಣ್ಣಗೆ ಸದ್ದು ಮಾಡುತ್ತಿತ್ತು.

ಮರುದಿನ ಅವನು ಗಡಿಗೆಯನ್ನು ಕಲ್ಲುಪ್ಪು ಮತ್ತು ತೆಂಗಿನ ನಾರು ಹಾಕಿ ತಿಕ್ಕಿದ. ಅಗಸೆ ಎಣ್ಣೆ ಸವರಿ, ಗ್ಯಾಸ್ ಒಲೆಯ ಮೇಲೆ ಹೊಗೆಯೇಳುವವರೆಗೆ ಕಾಯಿಸಿದ. ಮೊದಲು ಎಣ್ಣೆಯ ವಾಸನೆ ಬಂತು. ಆಮೇಲೆ ಅರಿಶಿನದ್ದು. ಆಮೇಲೆ ಕೂದಲು ಸುಟ್ಟ ಕಮಟು ವಾಸನೆ ಮನೆಯೆಲ್ಲ ತುಂಬಿತು. ನಿರೀಕ್ಷಾ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಒಲೆ ಆರಿಸಿದ ಮೇಲೆ ಗಡಿಗೆ ತಣಿಯುತ್ತ “ಚ್ಚ್... ಚ್ಚ್...” ಎನ್ನತೊಡಗಿತು.

“ಕಬ್ಬಿಣ ತಣ್ಣಗಾಗ್ವಾಗ ಸದ್ದು ಬರುತ್ತೆ ಕಣೇ. ಅದಕ್ಕೂ ಹೆದರ್ತೀಯಾ?” ಎಂದು ಅವನು ಹೆಂಡತಿಯನ್ನು ಗದರಿದ. ಆ ಸದ್ದನ್ನು ಅವಳು ಊಟದ ಮೇಜಿನಲ್ಲಿ ದಿನವೂ ಕೇಳಿದ್ದಳು.

ಭಾನುವಾರ ವಿಡಿಯೋಗೆಂದು ಪುಂಡಿಪಲ್ಯ ಮಾಡಬೇಕೆಂದು ಅವನೇ ಹಟ ಹಿಡಿದ. ಪುಂಡಿ ಸೊಪ್ಪಿನ ಹುಳಿ ಹೊಸದಾಗಿ ಪಳಗಿಸಿದ ಕಬ್ಬಿಣಕ್ಕೆ ಆಗದೆಂದು ನಿರೀಕ್ಷಾ ಹೇಳಿದಳು, ಊಟಕ್ಕೆ ಬಂದಿದ್ದ ಶಿವದೇವಿಯೂ ಹೇಳಿದರು. ಮಹಾಶಯನಿಗೆ ಯಾರ ಮಾತೂ ಬೇಕಿರಲಿಲ್ಲ. ಆಗಬಾರದ್ದೇ ಆಯಿತು. ಹುಳಿಗೆ ಕಬ್ಬಿಣ ಬಿಟ್ಟುಕೊಂಡು ಪಲ್ಯ ಶಾಯಿಯಂತೆ ಕಪ್ಪಾಯಿತು. ಕ್ಯಾಮೆರಾ ಮುಂದೆ ರೊಟ್ಟಿ ಮುರಿದು ಅದ್ದಿಕೊಂಡು ಅವನು ಬಾಯಿಗಿಟ್ಟ. ತಪ್ಪು ತನ್ನದೆಂದು ಒಪ್ಪಿಕೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಲೊಚಗುಟ್ಟಿ, ಅಗಿದದ್ದನ್ನೆಲ್ಲ ಗಡಿಗೆಗೇ ಥೂ ಎಂದು ಉಗುಳಿದ.

“ನಾಯಿಯೂ ಮೂಸೋದಿಲ್ಲ!”

ಶಿವದೇವಿಯ ಕೈಯಿಂದ ನೀರಿನ ಲೋಟ ಬಿತ್ತು.

“ಅದ ಮಾತು,” ಎಂದರು. “ನಾ ನಿಮಗ ಹೇಳಿರಲಿಲ್ಲ. ಆ ಹಿರ್ಯಾನೂ ಅದ ಮಾತು ಅಂದು ಉಗುಳಿದ್ದ.”

ಮೊದಲು ಉಪ್ಪು ಹೋಯಿತು. ಸಾರಿಗೆ ಉಪ್ಪು ಹಾಕಿಲ್ಲವೆಂದು ಅವನು ಹೆಂಡತಿಯ ಮೇಲೆ ಹಾರಾಡಿದ. ಆಮೇಲೆ ಖಾರ ಹೋಯಿತು, ಸಿಹಿ ಹೋಯಿತು. ಇರಾನಿ ಚಹಾ ಕುಡಿದರೆ ಬಿಸಿನೀರು, ಬಿರಿಯಾನಿ ತಿಂದರೆ ಒದ್ದೆ ಕಾಗದ. ಡಾಕ್ಟರು ಬಾಯಿ ತೆರೆಸಿ ನೋಡಿ ಎಲ್ಲ ಸರಿಯಾಗಿದೆ ಎಂದರು. ಅಬಿಡ್ಸ್‌ನ ಹೋಟೆಲಿನವರು ಪರೀಕ್ಷೆಗೆಂದು ಬಟ್ಟಲುಗಳನ್ನು ಸಾಲಾಗಿ ಇಟ್ಟರು. ಒಂದರಲ್ಲಿ ಬೇಕೆಂದೇ ಹಳಸಿದ ಮೊಸರು ಇಟ್ಟಿದ್ದರು. ಕಾರ್ತಿಕ ಅದನ್ನು ಚಪ್ಪರಿಸಿ ತಿಂದು ಹೊಗಳಿದ. ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಒಬ್ಬ ಅಡುಗೆಯವನು ಮಾತ್ರ ಹಿಂದೆ ನಿಂತು ಲೊಚಗುಟ್ಟಿದ.

ಆ ಕೆಲಸ ಹೋಯಿತು. ಮನೆಗೆ ಬಂದು ಸೋಫಾದ ಮೇಲೆ ಬಿದ್ದುಕೊಂಡ. ನಿರೀಕ್ಷಾ ಬಾಲ್ಕನಿಯಲ್ಲಿ ಬಟ್ಟೆ ಎತ್ತುತ್ತಿದ್ದಳು, ಮಳೆಗಾಲ ಶುರುವಾಗುವ ಮುಂಚಿನ ಮಧ್ಯಾಹ್ನ. ಹೊರಗೆ ಮೋಡ ಕವಿದು ಕರೆಂಟು ಹೋಯಿತು. ಅಡುಗೆಮನೆ ಕತ್ತಲಾಯಿತು. ಅಲ್ಲಿಂದ ಯಾರೋ ಮಾತಾಡಿದರು.

“ಉಪ್ಪು ಕಡಿಮೆ.”

ಅದು ಅವನದೇ ದನಿ. ಕ್ಯಾಮೆರಾ ಮುಂದಿನ ಆ ಕೊಂಕು, ಆ ಎಳೆತ, ಎಲ್ಲ ಅವನದೇ. ಕಾರ್ತಿಕ ಗೋಡೆ ಹಿಡಿದು ಒಳಗೆ ಹೋದ. ಒಲೆಯ ಮೇಲೆ ಗಡಿಗೆ, ಅದರ ಮೇಲೆ ಮುಚ್ಚಳ. ಮುಚ್ಚಳ ಬೆಚ್ಚಗಿತ್ತು. ಎತ್ತಿದ. ಪುಂಡಿಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ಮೊಬೈಲಿನ ಬೆಳಕು ಬಿಟ್ಟ. ಕಪ್ಪು ತಳದಲ್ಲಿ ಏನೋ ಅಂಟಿಕೊಂಡಿತ್ತು. ಕೆಂಪಗೆ. ಒದ್ದೆಯಾಗಿ. ಅದು ಮೆಲ್ಲಗೆ ಮೇಲೆದ್ದು ಕಬ್ಬಿಣಕ್ಕೆ ತಾಗಿತು. ಚ್ಚ್.

ಅವನ ಅರಚಾಟಕ್ಕೆ ನಿರೀಕ್ಷಾ ಓಡಿಬಂದು ಅಮ್ಮನಿಗೆ ಫೋನ್ ಹಚ್ಚಿದಳು. ಶಿವದೇವಿಯ ದನಿ ಸ್ಪೀಕರಿನಲ್ಲಿ ಬಂತು.

“ಒಂದ ದಾರಿ ಐತಿ. ಅದರಾಗ ಮತ್ತ ಪುಂಡಿಪಲ್ಯ ಮಾಡು ನಿರೂ. ಕರ್ರಗಾಗ್ಲಿ, ಕಹಿಯಾಗ್ಲಿ, ಅವರು ನೆಲದ ಮ್ಯಾಲೆ ಕುಂತು ತಳ ಬಳದು ಉಣ್ಣಬೇಕು. ಉಂಡು, ‘ಹೊಟ್ಟಿ ತುಂಬ್ತವ್ವ ಬಂಡೆಮ್ಮ’ ಅನ್ನಬೇಕು. ಆ ಹಿರ್ಯಾಗೂ ಹೇಳಿದ್ರಂತ. ಅವ ಒಲ್ಲೆ ಅಂದ.”

“ಉಣ್ಣು ಕಾರ್ತಿಕ್,” ಎಂದಳು ನಿರೀಕ್ಷಾ. “ನಿನ್ನ ಕಾಲಿಗಿ ಬೀಳ್ತೀನಿ. ಒಂದ ಮಾತು ಅಷ್ಟ.”

ಇಷ್ಟಾದ ಮೇಲಾದರೂ ಮನುಷ್ಯ ಬಗ್ಗಬೇಕು. ಕಾರ್ತಿಕನಿಗೆ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚು ಅವಮಾನವಾಗಿತ್ತು. ಎಂದೋ ಸತ್ತ ಅಡುಗೆಯವಳ ಮುಂದೆ, ಅದೂ ಅತ್ತೆ ಕೇಳಿಸಿಕೊಳ್ಳುತ್ತಿರುವಾಗ, ತಾನು ಕೈಮುಗಿಯುವುದೇ?

“ನಾನು ಉಗುಳಿದ್ದನ್ನ ನಾನೇ ನೆಕ್ಕಬೇಕಾ? ಒಬ್ಬ ಕೂಲಿಯವಳಿಗೆ ‘ಅವ್ವ’ ಅನ್ಬೇಕಾ? ನಿನಗೆ ಕುಂಡ ತಾನೇ ಬೇಕಿತ್ತು? ತಗೋ. ಇದಕ್ಕೆ ಮಣ್ಣೇ ಸರಿ.”

“ಬ್ಯಾಡ ಅನ್ನು ನಿರೂ! ಈಗ ಅದು ಖಾಲಿ ಇಲ್ಲ! ಈಗ ತೂತು ಕೊರೀಬ್ಯಾಡ ಅನ್ನು!” ಶಿವದೇವಿ ಫೋನಿನಲ್ಲಿ ಕೂಗುತ್ತಿದ್ದರು.

ಅಷ್ಟರಲ್ಲಿ ಕರೆಂಟು ಬಂತು. ಅವನು ಡ್ರಿಲ್ ತಂದ. ಗಡಿಗೆಯನ್ನು ಬಾಲ್ಕನಿಯ ನೆಲದ ಮೇಲೆ ಬೋರಲು ಹಾಕಿ ಮಂಡಿಯಿಂದ ಒತ್ತಿ ಹಿಡಿದ. ನಿರೀಕ್ಷಾ ಅವನ ತೋಳು ಜಗ್ಗಿದಳು. ಕೊಡವಿಕೊಂಡ. ಡ್ರಿಲ್ ಕಿರುಗುಟ್ಟಿತು. ಕಬ್ಬಿಣದ ಪುಡಿ ಹಾರಿತು. ನಾಲಿಗೆಯ ಮೇಲೆ ಉಪ್ಪು. ಎಷ್ಟೋ ದಿನಗಳ ಮೇಲೆ ಉಪ್ಪು! ಅವನ ಮುಖ ಅರಳಿತು. ಇನ್ನಷ್ಟು ಒತ್ತಿದ. ಉಪ್ಪು ಹೆಚ್ಚಾಯಿತು. ಬಾಯಿ ತುಂಬಿತು. ಬಿಸಿಯಾಗಿತ್ತು. ಗಲ್ಲದಿಂದ ಕೆಳಗಿಳಿಯಿತು. ಅಂಗಿ ಕೆಂಪಾಯಿತು. ನಿಲ್ಲಿಸಬೇಕೆಂದುಕೊಂಡ. ಕೈ ನಿಲ್ಲಲಿಲ್ಲ. ಕಬ್ಬಿಣ ತೂತಾಯಿತು. ಗಡಿಗೆಯೊಳಗಿಂದ ಅವನ ದನಿ ಕಿರುಚಿತು. ಅವನ ಬಾಯಿಂದ ಒಂದು ಸದ್ದೂ ಬರಲಿಲ್ಲ.

ಆಸ್ಪತ್ರೆಯಲ್ಲಿ, ಅವಘಡದಲ್ಲಿ ನಾಲಿಗೆ ಕಚ್ಚಿಕೊಂಡಿದ್ದಾರೆ ಎಂದು ಬರೆದುಕೊಂಡರು. ಕಚ್ಚಿದ ನಾಲಿಗೆಯ ನಡುಮಧ್ಯೆ ಬಟಾಣಿ ಗಾತ್ರದ ದುಂಡನೆಯ ತೂತು ಹೇಗೆ ಬಿತ್ತೆಂದು ಯಾರೂ ಕೇಳಲಿಲ್ಲ. ಗಾಯ ಮಾಯಿತು. ರುಚಿ ಬರಲಿಲ್ಲ, ಮಾತೂ ಬರಲಿಲ್ಲ.

ಬೋರಲೇ ಇದ್ದ ಎರಡು ಗಡಿಗೆಗಳು ಅಮಾವಾಸ್ಯೆಯಂದು ಭೀಮಾ ನದಿಗೆ ಸೇರಿದವು. ಮೂರನೆಯದನ್ನು ಕಾಶಿನಾಥ ಮುಟ್ಟಲು ಒಪ್ಪಲಿಲ್ಲ. ಅದು ಬಾಲ್ಕನಿಯಲ್ಲೇ ಉಳಿಯಿತು. ಹಾಗೇ ಬಾಯಿ ತೆರೆದು ಕೂತಿರುವುದನ್ನು ನೋಡಲಾರದೆ ನಿರೀಕ್ಷಾ ಮಣ್ಣು ತುಂಬಿ ದಾಸವಾಳ ನೆಟ್ಟಳು. ದಾಸವಾಳ ಒಣಗಿತು. ಯಾರೂ ಬಿತ್ತದ ಪುಂಡಿ ಅದರಲ್ಲಿ ಕೆಂಪು ದಂಟು ಚಾಚಿ ಹುಲುಸಾಗಿ ಬೆಳೆಯಿತು.

ಈಗ ಅವರ ಮನೆಯಲ್ಲಿ ಊಟ ಸದ್ದಿಲ್ಲದೆ ನಡೆಯುತ್ತದೆ. ಮೊನ್ನೆ ಶಿವದೇವಿ ಬಂದಾಗ ಅಳಿಯನ ಮೇಲೆ ಕನಿಕರಪಟ್ಟು ಮೆತ್ತಗೆ ಕಲಸಿದ ಮೊಸರನ್ನ ಬಡಿಸಿದರು. ಕಾರ್ತಿಕ ನೆಲದ ಮೇಲೆ ಕೂತು, ತಲೆ ತಗ್ಗಿಸಿ ತುತ್ತು ನುಂಗುತ್ತಿದ್ದ. ಎಂದಿನ ರೂಢಿಯಂತೆ ಅವರ ಬಾಯಿಂದ ಮಾತು ಬಂದುಬಿಟ್ಟಿತು.

“ಹೆಂಗಾಗೈತ್ರಿ ಅಳಿಯಂದಿರ?”

ಕಾರ್ತಿಕ ಗಾಬರಿಯಿಂದ ಅತ್ತೆಯತ್ತ ಎರಡೂ ಕೈ ಮುಗಿದ. ಕಣ್ಣಲ್ಲಿ ನೀರು ತುಂಬಿತು. ಚೆನ್ನಾಗಿದೆ, ಹೊಟ್ಟೆ ತುಂಬಿತು ಎನ್ನಲು ಅವನ ತುಟಿಗಳು ಒದ್ದಾಡಿದವು, ಗಾಳಿಯಷ್ಟೇ ಬಂತು.

ಬಾಲ್ಕನಿಯಲ್ಲಿ ಪುಂಡಿ ಎಲೆಗಳು ಅಲುಗಿದವು. ಅವುಗಳ ಬುಡದಿಂದ ಯಾರೋ ಲೊಚಗುಟ್ಟಿದರು. ಆಮೇಲೆ ಕಾರ್ತಿಕನದೇ ಹಳೆಯ ದನಿ, ಸ್ಪಷ್ಟವಾಗಿ, ಕೊಂಕಾಗಿ ಉತ್ತರ ಕೊಟ್ಟಿತು.

“ನಾಯಿಯೂ ಮೂಸೋದಿಲ್ಲ.”