ಬಯಲಲ್ಲಿ ನಿಂತ ಗಾಡಿ

ಮೂರನೆಯ ಸಲ ಗಾಡಿ ನಿಂತಾಗ ಡಾಕ್ಟರಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು.

ಮುಂದೆ ಬಯಲು, ಹಿಂದೆ ಬಯಲು. ನೆರಳಿಗೆಂದು ಒಂದು ಗಿಡವೂ ಇಲ್ಲ. ಎರಡು ವರ್ಷದಿಂದ ಈ ಕ್ಯಾರವಾನ್‌ನಲ್ಲೇ ಹಳ್ಳಿಹಳ್ಳಿ ಸುತ್ತಿ ಅವಳು ಜನರ ಹಲ್ಲು ನೋಡುತ್ತಿದ್ದಳು. ಇವತ್ತು ಕೊನೆಯ ಪ್ರಯಾಣ. ಸಂಜೆ ಐದಕ್ಕೆ ರೈಲು, ನಾಡಿದ್ದು ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಸ ಕೆಲಸ.

ಬೆಳಿಗ್ಗೆ ಟೈರ್ ಪಂಕ್ಚರ್, ಆಮೇಲೆ ರೇಡಿಯೇಟರ್. ಈಗ ಡ್ರೈವರ್ ಮತ್ತೆ ಬಾನೆಟ್ ಎತ್ತಿ ತಲೆ ಒಳಗಿಟ್ಟಿದ್ದ. ಏನಾಯಿತೆಂದು ಎರಡು ಸಲ ಕೇಳಿದರೂ ತಲೆ ಹೊರಗೆ ತೆಗೆಯಲಿಲ್ಲ. ಇವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬುದ್ಧಿಹಲ್ಲು ಕೀಳುವುದು ಸುಲಭ ಎಂದು ಅಕ್ಕನಿಗೆ ಫೋನಿನಲ್ಲಿ ಎಷ್ಟೋ ಸಲ ದೂರಿದ್ದಳು. ದಿನಾ ಅವನ ಸುದ್ದಿಯೇ ಆಯಿತಲ್ಲ ಎಂದು ಅಕ್ಕ ನಕ್ಕರೆ ಮೈಯೆಲ್ಲ ಉರಿಯುತ್ತಿತ್ತು.

ಫ್ಯಾನಾದರೂ ತಿರುಗಲಿ ಎಂದು ಡ್ರೈವರ್ ಸೀಟಿಗೆ ಹತ್ತಿ ಕೀ ತಿರುಗಿಸಿದಳು. ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಅವನು ಬಾನೆಟ್ ಇಳಿಸಿ ಕಿಟಕಿಯ ಹತ್ತಿರ ಬಂದ. ಕೈಯಲ್ಲಿ ಒಂದು ತೊಟ್ಟು ಗ್ರೀಸ್ ಇಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

"ಗಾಡಿಗೆ ಏನಾಗಿದೆ?"

"ಏನೂ ಆಗಿಲ್ಲ. ನಿಮ್ಮ ಹತ್ರ ಮಾತಾಡೋಣ ಅಂತ ನಿಲ್ಲಿಸ್ದೆ."

"ಮತ್ತೆ ಇಷ್ಟೊತ್ತು ಇಂಜಿನ್ ಹತ್ರ ಏನು ಮಾತಾಡ್ತಿದ್ರಿ?"

"ಪ್ರಾಕ್ಟೀಸ್ ಮಾಡ್ತಿದ್ದೆ."

ನಗು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಎರಡು ವರ್ಷ ಪಕ್ಕದಲ್ಲೇ ಕೂತು ಕಲ್ಲಿನ ಹಾಗಿದ್ದವನಿಗೆ ರೈಲಿನ ಹೊತ್ತಿಗೇ ಬಾಯಿ ಬಂತೇ ಎಂದು ಜಾಡಿಸಿದಳು. ಈ ಕೆಲಸ ತಪ್ಪಿದರೆ ಯಾರು ಕೊಡಿಸುತ್ತಾರೆ ಎಂದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಹೋಗ್ಬೇಡಿ ಅನ್ನೋಕಲ್ಲ. ಆ ಕೆಲಸಕ್ಕೋಸ್ಕರ ನೀವು ಎಷ್ಟು ಓದಿದ್ರಿ ಅಂತ ನಾನೇ ನೋಡಿದೀನಿ. ಆ ಊರಲ್ಲಿ ಆಂಬುಲೆನ್ಸ್ ಓಡಿಸೋಕೆ ಜನ ಬೇಕಂತೆ. ನಾನೂ ಬರ್ಲಾ?"

ಅವಳು ಸ್ಟಿಯರಿಂಗ್ ಬಿಡಲಿಲ್ಲ.

"ಆ ಕಡೆಯಿಂದ ಹತ್ತಿ. ನಾನೇ ಓಡಿಸ್ತೀನಿ. ನಿಮ್ಮನ್ನ ನಂಬಿದ್ರೆ ಇನ್ನೂ ಏನೇನು ಪ್ರಾಕ್ಟೀಸ್ ಇದೆಯೋ."

ಅವಳು ಗೇರ್ ಬದಲಿಸಿದಾಗಲೆಲ್ಲ ಗಾಡಿ ಕಿರುಚಿತು. ಅವನು ಹಲ್ಲು ಕಚ್ಚಿ ಸಹಿಸಿದ. ದೂರದಲ್ಲಿ ಸ್ಟೇಷನ್ನಿನ ನೀರಿನ ಟ್ಯಾಂಕ್ ಕಂಡಾಗ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, "ಒಂದು ತಿಂಗಳ ಟೈಮ್ ಕೊಡ್ತೀನಿ. ಅಷ್ಟರಲ್ಲಿ ಬನ್ನಿ," ಎಂದಳು.

ಇನ್ನು ನಾಲ್ಕು ನಿಮಿಷವಿದೆ ಎನ್ನುವಾಗ ರೈಲು ಹತ್ತಿದಳು. ಅವನು ಪೆಟ್ಟಿಗೆಗಳನ್ನು ಒಳಗಿಟ್ಟು ಇಳಿದು, ಕಿಟಕಿಯ ಕಂಬಿಯ ಮೇಲಿದ್ದ ಅವಳ ಬೆರಳುಗಳ ಮೇಲೆ ಕೈಯಿಟ್ಟ.

"ಹದಿನೈದು ದಿನ ಸಾಕು."

ಇಷ್ಟು ಆತುರದವನಿಗೆ ಇಷ್ಟು ದಿನ ಏನು ಬಡಿದಿತ್ತೋ ಎಂದು ಅವಳು, ಪ್ಲಾಟ್‌ಫಾರ್ಮ್ ಮರೆಯಾಗುವ ತನಕ, ಗೊಣಗುತ್ತಲೇ ಕೈಬೀಸಿದಳು.