ಹನ್ನೊಂದೇ ಸೈಕಲ್ಲು!

"ಎಷ್ಟು ಬಂದ್ವು?"

ಗಕ್ಕನೆ ಬ್ರೇಕ್ ಹಾಕಿ ಗುರುದೇವಿ ಕೇಳಿದಳು. ಸೈಕಲ್ಲಿನ ಮುಂದಿನ ಗಾಲಿ ಎದುರಿಗೆ ಕೂತವನ ಕುರ್ಚಿಯ ಕಾಲಿಗೆ ತಾಗಿಯೇ ನಿಂತಿತು.

ಭೀಮರಾಯನಗುಡಿ ರಸ್ತೆಯ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದ ಯುವಕ ತಲೆಯೆತ್ತಿದ. ರಸ್ತೆಯ ವಾಹನ ಎಣಿಸಲು ಬಂದ ಸರ್ವೇ ಕಂಪನಿಯ ಇಂಜಿನಿಯರು. ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯಲ್ಲಿ ಹೆಸರು: ಸಂಗಮನಾಥ.

"ಏನ್ರಿ ಎಷ್ಟು?"

"ಸೈಕಲ್ಲು! ಎಣಸಾಕತ್ತೀರಲ್ಲ, ಎಷ್ಟು ಬಂದ್ವು ಅಂತ ಕೇಳಾಕತ್ತೇನಿ."

"ನಿನ್ನೆ ಇಡೀ ದಿನ ಹನ್ನೊಂದು. ಇವತ್ತು ನಿಮ್ಮದು ನಾಲ್ಕನೇದು."

ಹನ್ನೊಂದು! ಗುರುದೇವಿಗೆ ಕೋಪ ನೆತ್ತಿಗೇರಿತು. ಏರದೇ ಇರುತ್ತದೆಯೇ? ದವಾಖಾನೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಈ ಹುಡುಗಿ ಶಹಾಪುರದ ಸೈಕಲ್ ಸವಾರರ ಸಂಘದ ಕಾರ್ಯದರ್ಶಿ. ಸಂಘಕ್ಕೆ ಇನ್ನೂರಾ ಹದಿನಾಲ್ಕು ಸದಸ್ಯರು. ರಸ್ತೆ ಅಗಲ ಮಾಡುವಾಗ ಎರಡೂ ಬದಿಗೆ ನಾಲ್ಕು ಫೂಟು ಸೈಕಲ್ಲಿಗೆ ಬಿಡಿ ಎಂದು ಎರಡು ವರ್ಷದಿಂದ ಅರ್ಜಿ ಕೊಟ್ಟು ಕೊಟ್ಟು ಅವರ ಚಪ್ಪಲಿ ಸವೆದಿದ್ದವು. ಹೋದ ವರ್ಷ ಇದೇ ತಿರುವಿನಲ್ಲಿ ಲಾರಿ ತಾಗಿ, ಸದಸ್ಯ ಪರಮಣ್ಣ ಕಾಲು ಮುರಿದುಕೊಂಡು ಮೂರು ತಿಂಗಳು ಮಂಚ ಹಿಡಿದಿದ್ದ. ಈ ಹಾಳೆಯಲ್ಲಿ ಹನ್ನೊಂದು ಎಂದು ಬರೆದರೆ ಆ ನಾಲ್ಕು ಫೂಟೂ ಹೋಯಿತು!

"ನೀವು ಇಲ್ಲಿ ಎಷ್ಟಕ್ಕ ಬರ್ತೀರಿ?"

"ಹತ್ತಕ್ಕರಿ. ಸಂಜಿ ಐದರ ತನಕ ಇರ್ತೀನಿ."

"ನಮ್ಮ ಮಂದಿ ಐದಕ್ಕ ಎದ್ದು ಹೋಗಿರ್ತಾರ. ದೀಪ ಹಚ್ಚೋ ಹೊತ್ತಿಗಿ ತಿರುಗಿ ಬರ್ತಾರ. ನೀವು ನಾಷ್ಟಾ ಮಾಡಿ, ತಲಿ ಬಾಚಿ, ಹತ್ತಕ್ಕ ಬಂದು ಕುಂತ್ರ ಏನ ಸಿಗತಾವ? ಸಂತಿ ಹರದ ಮ್ಯಾಲ ಬಂದು ಮಂದಿ ಎಣಸಿದಂಗ ಆತಲ್ಲ!"

ಅವನು ಪೆನ್ನಿಗೆ ಕ್ಯಾಪು ಹಾಕಿದ. ಪೆನ್ನಿಗೆ ಕ್ಯಾಪು ಹಾಕಿದ.

"ಇದು ನನ್ನ ತಲ್ಯಾಗ ಬರಲೇ ಇಲ್ರಿ..."

'ಬರಲೇ ಇಲ್ಲವಂತೆ! ಇವನ ಓದಿಗೆ ಬೆಂಕಿ ಬೀಳಲಿ!' ಎಂದುಕೊಳ್ಳುತ್ತ ಗುರುದೇವಿ ಪೆಡಲ್ ಒತ್ತಿದಳು.

ಆದರೆ ಮರುದಿನ ಮುಂಜಾನೆ ಐದಕ್ಕೆ ಅದೇ ಮರದ ಕೆಳಗೆ ಅವನು ನಿಂತಿದ್ದ! ಕುರ್ಚಿ ಇರಲಿಲ್ಲ. ಕಣ್ಣಲ್ಲಿ ನಿದ್ದೆ ಇನ್ನೂ ಇತ್ತು.

"ಬಂದೀನ್ರಿ. ಎಣಸೋಣ."

ಐದು ದಿನ ಇಬ್ಬರೂ ಜೊತೆಗೆ ಎಣಿಸಿದರು. ಹಾಲಿನ ಕ್ಯಾನಿನವರು, ಗಾರೆ ಕೆಲಸದವರು, ಖಾನಾವಳಿಯ ಅಡುಗೆಯವರು, ಹತ್ತಿ ಬಿಡಿಸಲು ಹೊರಟ ಹೆಂಗಸರು. ಮಲ್ಲಾಬಾಯಿ ಎಂಬಾಕೆಯಂತೂ ಹಿಂದೆ ಬುತ್ತಿ, ಮುಂದೆ ಮೊಮ್ಮಗಳನ್ನು ಕೂಡಿಸಿಕೊಂಡು ಹೋಗುತ್ತ ದಿನವೂ ಕೂಗುತ್ತಿದ್ದಳು.

"ಏ ಇಂಜಿನೇರಪ್ಪ, ನನ್ನ ಬಿಟ್ಟಿ ಅಂದ್ರ ನೋಡು! ಚೊಲೋತ್ನಾಗ ಬರಕೋ!"

ಎಂಟು ಗಂಟೆಗೆ ಲೆಕ್ಕ ನಾನ್ನೂರು ದಾಟುತ್ತಿತ್ತು. ಆಮೇಲೆ ಇಬ್ಬರೂ ಒಂದೊಂದು ಕಪ್ ಚಹಾ ಕುಡಿಯುತ್ತಿದ್ದರು. ಅವನು ಸುರಪುರದವನು, ತಂದೆ ಇಲ್ಲ, ತಾಯಿ ಸೂಗಮ್ಮ ಸಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ ಎಂದು ಅವಳಿಗೆ ಗೊತ್ತಾಯಿತು. ಅವಳು ನಕ್ಕರೆ ಅವನಿಗೆ ಎಣಿಕೆ ತಪ್ಪುತ್ತದೆ ಎಂದೂ ಗೊತ್ತಾಯಿತು! ಐದನೇ ದಿನ ಅವನು ಹಾಳೆಗಳನ್ನು ಜೋಡಿಸಿ, "ಸಾಹೇಬ್ರಿಗಿ ನಾನ ಕೊಡ್ತೀನಿ" ಎಂದು ಹೋದಾಗ ಗುರುದೇವಿಯ ಎದೆ ಹಗುರವಾಗಿತ್ತು.

ಹತ್ತು ದಿನದ ಮೇಲೆ, ರಸ್ತೆ ಅಗಲ ಮಾಡುವ ಬಗ್ಗೆ ಸಭೆಯ ನೋಟಿಸು ಬಂತು. ಅದಕ್ಕೆ ಅಂಟಿದ್ದ ವರದಿಯಲ್ಲಿ ಒಂದೇ ಸಾಲು: ಸೈಕಲ್ಲು, ಹನ್ನೊಂದು.

ಕೆಳಗೆ ಸಹಿ: ಸಂಗಮನಾಥ.

ಗುರುದೇವಿ ಅದನ್ನು ಮೂರು ಸಲ ಓದಿದಳು. 'ಅಷ್ಟೂ ದಿನ ನಾಟಕವೇ? ಆ ಚಹಾ, ಆ ನಗು... ನನ್ನ ಬಾಯಿ ಮುಚ್ಚಿಸಲಿಕ್ಕೇ?' ಅವನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ನಂಬರನ್ನೇ ಬ್ಲಾಕ್ ಮಾಡಿದಳು. ಆಮೇಲೆ ಲ್ಯಾಬಿನ ಬಾಗಿಲು ಹಾಕಿಕೊಂಡು ಒಂದು ಗಳಿಗೆ ಚೆನ್ನಾಗಿ ಅತ್ತಳು. ಯಾಕೆ ಸುಳ್ಳು ಹೇಳಬೇಕು, ಬಿಕ್ಕಿ ಬಿಕ್ಕಿ ಅತ್ತಳು.

ಕಣ್ಣೊರೆಸಿಕೊಂಡು ನೇರ ಸಂಘದ ಅಧ್ಯಕ್ಷ ಸುಲ್ತಾನಸಾಬನ ಸೈಕಲ್ ಅಂಗಡಿಗೆ ಹೋದಳು.

"ಚಾಚಾ, ಮಂಗಳವಾರ ಹನ್ನೊಂದಕ್ಕ ಸಭಾ ಇಟ್ಟಾರ. ಎಲ್ಲಾರೂ ದುಡಿಯೋ ಹೊತ್ತು. ಯಾರೂ ಬರಂಗಿಲ್ಲ ಅಂತ ಗೊತ್ತಿದ್ದೇ ಇಟ್ಟಾರ!"

ಪಂಕ್ಚರ್ ತಿದ್ದುತ್ತಿದ್ದ ಮುದುಕ ಟ್ಯೂಬನ್ನು ನೀರಿನಿಂದ ಮೇಲೆತ್ತಿದ.

"ಬರಂಗಿಲ್ಲ ಅಂದವರು ಯಾರು ಬೇಟಿ? ಒಂದು ದಿನ ಪಗಾರ ಹೋದ್ರ ಹೋಗ್ಲಿ. ಮನಿಮನಿಗಿ ನಡಿ!"

ಮಂಗಳವಾರ ಸಭಾಭವನದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೇದಿಕೆಯ ಮೇಲೆ ಸಭೆ ನಡೆಸುವ ಅಧಿಕಾರಿಣಿ, ಪಕ್ಕದಲ್ಲಿ ಕಂಪನಿಯ ಸಾಹೇಬ, ಅವನ ಹಿಂದೆ ತಲೆ ತಗ್ಗಿಸಿ ಕೂತ ಸಂಗಮನಾಥ. ಗುರುದೇವಿ ಅವನ ಕಡೆ ನೋಡಲಿಲ್ಲ. ನೋಡಬಾರದು ಎಂದು ಗಟ್ಟಿ ಮನಸ್ಸು ಮಾಡಿ, ಎರಡು ಸಲ ನೋಡಿದಳು.

ಸಾಹೇಬ ಎದ್ದ. "ಮೇಡಂ, ದಿನಕ್ಕ ಹನ್ನೊಂದ ಸೈಕಲ್ಲು. ಅಷ್ಟಕ್ಕ ನಾಲ್ಕು ಫೂಟು ಯಾಕ ಬೇಕ್ರಿ? ಇವರು ಸುಮ್ನ ಗದ್ದಲಾ ಮಾಡಾಕತ್ತಾರ. ಲೆಕ್ಕ ಮಾಡಿದ ಇಂಜಿನಿಯರ್ ಸಹಿ ಐತಿ, ನೋಡ್ರಿ."

ಗುರುದೇವಿ ಎದ್ದು ನಿಂತಳು.

"ಸರ, ನಿಮ್ಮ ಕಾರು ಎಲ್ಲಿ ನಿಲ್ಲಿಸೀರಿ?"

"ಹೊರಗ. ಯಾಕ?"

"ನಮ್ಮ ಸೈಕಲ್ಲಿಗಿ ಇಲ್ಲಿ ಸ್ಟ್ಯಾಂಡ್ ಇಲ್ರಿ. ನಿಮ್ಮ ಕಾರಿನ ಮುಂದನ ಹಚ್ಚೀವಿ. ನೀವ ಅಂತೀರಲ್ಲ, ಹನ್ನೊಂದ ಅಂತ... ಹೋಗ್ರಿ, ಹನ್ನೊಂದು ಸೈಕಲ್ ಸರಿಸಿ ನಿಮ್ಮ ಕಾರು ಹೊರಗ ತಗೀರಿ!"

ಅಧಿಕಾರಿಣಿ ಕಿಟಕಿಯತ್ತ ಹೋಗಿ ಇಣುಕಿದರು. ಅಂಗಳದಿಂದ ಗೇಟಿನವರೆಗೆ, ಗೇಟಿನಿಂದ ಬೀದಿಯವರೆಗೆ ಬರೀ ಸೈಕಲ್ಲು! ಕಾರಿನ ನೆತ್ತಿಯಷ್ಟೇ ಕಾಣುತ್ತಿತ್ತು. ಹಾಲ್ ಸಿಳ್ಳೆ, ಚಪ್ಪಾಳೆಗಳಿಂದ ಬಿರಿಯಿತು.

"ಇದೆಲ್ಲಾ ಇವತ್ತಿನ ತಮಾಷಾ ಮೇಡಂ! ಕಾಗದಕ್ಕ ಸಹಿ ಐತಿ..."

"ಸಹಿ ನಂದರಿ."

ಸಂಗಮನಾಥ ಎದ್ದು ನಿಂತಿದ್ದ.

"ಮೊದಲ್ನೇ ದಿನ ಎಣಿಸಿದ್ದು ನಾನ. ಹತ್ತಕ್ಕ ಬಂದು ಎಣಿಸಿ ಸಹಿ ಹಾಕಿದೆ, ಅದು ನನ್ನ ತಪ್ಪು. ಆಮ್ಯಾಲ ಐದು ದಿನ ಮುಂಜಾನಿ ಐದರಿಂದ ಎಣಸಿ ಹಾಳಿ ಕೊಟ್ಟೆ. ನಮ್ಮ ಫಾರಂನಾಗ ಹತ್ತಕ್ಕಿಂತ ಮೊದಲಿನ ಹೊತ್ತಿಗಿ ಕಾಲಂ ಇಲ್ಲ ಅಂತ ಸಾಹೇಬ್ರು ತಗದು ಇಟ್ರು. ಇಲ್ಲಿ ಅದಾವ ನೋಡ್ರಿ, ನಕಲು."

"ಏ ಕೂಡು! ನೌಕರಿ ಬೇಕೋ ಬ್ಯಾಡೋ?"

"ನೌಕರಿ ಬೇಕ್ರಿ ಸರ. ಅದಕ್ಕಂತ ಇವರನ್ನ ಲೆಕ್ಕದಾಗಿಂದ ತಗಿಯೂದು ನನ್ನ ಕೈಲೆ ಆಗಂಗಿಲ್ಲ."

"ನಾಳಿಂದ ಬರಬ್ಯಾಡ!"

ಗುರುದೇವಿ ಈಗ ನೆಟ್ಟಗೆ ಅವನನ್ನೇ ನೋಡಿದಳು. 'ಅಯ್ಯೋ ಶಿವನೇ... ಇದನ್ನು ಹೇಳಲಿಕ್ಕೇ ಫೋನ್ ಮಾಡುತ್ತಿದ್ದನೇ?'

ಅಧಿಕಾರಿಣಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಹಳೆಯ ವರದಿಯನ್ನು ಬದಿಗೆ ಸರಿಸಿದರು. ಸಂಘದವರನ್ನೂ ಸೇರಿಸಿಕೊಂಡು ಮುಂಜಾನೆ ಐದರಿಂದಲೇ ಮರು ಎಣಿಕೆ ಆಗಬೇಕು, ಅಲ್ಲಿಯವರೆಗೆ ನಕ್ಷೆಗೆ ಮಂಜೂರಾತಿ ಇಲ್ಲ ಎಂದರು. ಮಲ್ಲಾಬಾಯಿ ಕುರ್ಚಿಯ ಮೇಲೆ ಹತ್ತಿ ಕೇಕೆ ಹಾಕಿದಳು!

ಹೊರಗೆ ಜನ ಸೈಕಲ್ ತೆಗೆಯುತ್ತಿದ್ದರು. ಸಾಹೇಬನ ಕಾರಿನ ಮುಂದಿನದನ್ನು ಮಾತ್ರ ಯಾರೂ ಅವಸರದಿಂದ ತೆಗೆಯಲಿಲ್ಲ. ಗೋಡೆಗೆ ಆತು ಒಬ್ಬನೇ ನಿಂತಿದ್ದ ಸಂಗಮನಾಥನ ಮುಂದೆ ಗುರುದೇವಿ ಬಂದು ನಿಂತಳು.

"ನಿಮಗ ಸುಳ್ಳುಗಾರ ಅಂದುಕೊಂಡೆ. ಕೇಳಬೇಕಿತ್ತು... ಕೇಳಲಿಲ್ಲ. ತಪ್ಪಾತು."

"ಸಹಿ ನಂದ ಇತ್ತಲ್ರಿ. ಯಾರಾದ್ರೂ ಹಂಗ ಅನಕೋತಿದ್ರು."

"ಈಗ ಏನ ಮಾಡ್ತೀರಿ?"

"ಮನಿಗಿ ಹೋಗ್ತೀನ್ರಿ. ಅವ್ವಗ ಹೇಳಬೇಕು." ಅವನು ಅವಳ ಮುಖ ನೋಡಿದ. "ಇನ್ನೊಂದು ಮಾತು ನಿಮಗ ಹೇಳೋದಿತ್ತು. ನೌಕರಿ ಇದ್ದಾಗ ಧೈರ್ಯ ಆಗಲಿಲ್ಲ. ಈಗಂತೂ ಯಾವ ಮುಖಾ ಇಟಗೊಂಡು..."

ಅವನು ಹೇಳುವುದೇನು ಎಂದು ಅವಳಿಗೆ ಗೊತ್ತಿಲ್ಲವೇ? ಆ ಚಹಾದ ದಿನಗಳಿಂದ ಅವಳ ಎದೆಯಲ್ಲೂ ಅದೇ ಮಾತು ಕುದಿಯುತ್ತಿತ್ತು.

"ರವಿವಾರ ಮನ್ಯಾಗ ಇರ್ತೀರೇನು?"

"ಇರ್ತೀನ್ರಿ... ಯಾಕ?"

"ನಮ್ಮವ್ವನ್ನ ಕರಕೊಂಡು ಸುರಪುರಕ್ಕ ಬರಾಕತ್ತೇನಿ. ಗಂಡು ನೋಡಾಕ."

"ಗಂಡು... ನೋಡಾಕಾ?!"

"ಹೂಂ. ಹೆಣ್ಣು ನೋಡಾಕಷ್ಟ ಬರಬೇಕೇನು? ಚುರಮುರಿ ಸುಸಲಾ, ಚಾ ನೀವ ಮಾಡಿ ತರಬೇಕು. ತಲಿ ಬಗ್ಗಿಸಿ ಕೂಡಬೇಕು. ನೌಕರಿ ಏನಂತ ನಮ್ಮವ್ವ ಕೇಳಿದ್ರ..."

"ಹೋಗೇತಿ ಅಂತ ಹೇಳ್ತೀನ್ರಿ."

"ಯಾಕ ಹೋತು ಅನ್ನೋದೂ ಹೇಳ್ರಿ. ಒಪ್ಪತಾಳ."

ಅವನ ಕಣ್ಣು ತುಂಬಿತ್ತು. ತುಟಿಯ ಮೇಲೆ ನಗೆಯೂ ಬಂದಿತ್ತು.

"ಮತ್ತ... ನೀವು?"

"ನಾ ಒಪ್ಪೇ ಬರಾಕತ್ತೇನಿ. ಸುಸಲಾಕ ಉಪ್ಪು ನೋಡಿ ಹಾಕ್ರಿ, ಅಷ್ಟ!"