ಬಾತುಗಳಿಗೆ ಬನ್ನು

"ಇದು ಫೀಡಲ್ಲ ಕಣಯ್ಯ, ಮರದ ಪುಡಿ. ಮರದ ಪುಡಿ ತಿಂದು ಯಾವ ಬಾತು ಮೊಟ್ಟೆ ಇಡುತ್ತೆ, ನೀನೇ ಹೇಳು."

ಅಜ್ಜ ಮೊಮ್ಮಗಳು ಬಟಾಣಿಯ ಕೈಯಿಂದ ಚೀಲ ತೆಗೆದುಕೊಂಡು ಫೀಡ್ ಅಂಗಡಿಯ ಕೌಂಟರ್ ಮೇಲೆ ಧೊಪ್ಪೆಂದು ಇಟ್ಟ. ಅಜ್ಜ ಮೂವತ್ತು ವರ್ಷ ಬಸ್ ಓಡಿಸಿದವನು. ಇಂಜಿನ್ ಸದ್ದಿಗಿಂತ ಜೋರಾಗಿ ಮಾತಾಡಿ ಮಾತಾಡಿ ಅವನ ಗಂಟಲು ಹಾಗೇ ಉಳಿದುಬಿಟ್ಟಿತ್ತು. ಅಂಗಡಿಯಲ್ಲಿದ್ದ ಐದಾರು ಜನ ತಿರುಗಿ ನೋಡಿದರು.

ಅಂಗಡಿ ಮಾಮ ಒಂದು ಹಿಡಿ ಫೀಡ್ ತೆಗೆದು ಮೂಸಿ ನೋಡಿದ. ಬೂಷ್ಟು ಹಿಡಿದಿಲ್ಲ, ವಾಸನೆಯೂ ಚೆನ್ನಾಗಿಯೇ ಇದೆ ಅಂತ ಮೆಲ್ಲಗೆ ಹೇಳಿದ.

ಅಜ್ಜ ಬಿಡಲಿಲ್ಲ. "ಹಗಲು ಗಿಡ್ಡ ಆದ್ರೆ ಮೊಟ್ಟೆ ಕಮ್ಮಿ ಆಗುತ್ತೆ, ಒಪ್ಕೋತೀನಿ. ಈಗ ಹಗಲು ಉದ್ದಾನೇ ಇದೆ. ನಾಯಿ ಬೆದರಿಸಿದ್ರೆ ನಿಲ್ಲಿಸ್ತಾವೆ. ಯಾವ ನಾಯೀನೂ ಬಂದಿಲ್ಲ. ಪುಕ್ಕ ಉದುರಿಸೋ ಕಾಲ ಅಲ್ಲ, ನೀರಿಗೇನೂ ಬರ ಇಲ್ಲ. ಇನ್ನು ಉಳಿದಿದ್ದೇನು? ನಿನ್ನ ಫೀಡು."

ಉಳಿದಿದ್ದು ಏನು ಅಂತ ಬಟಾಣಿಗೆ ಗೊತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಟಾಣಿ ತನ್ನ ಸ್ಕೂಲ್ ಬ್ಯಾಗ್ ಮುಟ್ಟಿ ನೋಡಿಕೊಂಡಳು. ಒಳಗೆ ನಾಲ್ಕು ಬನ್ನು ಇದ್ದವು.

ಕೊನೆಗೆ ಅಂಗಡಿ ಮಾಮ ಹೊಸದೊಂದು ಚೀಲ ತಂದು ಮುಂದಿಟ್ಟ. "ಇದನ್ನ ತಗೊಂಡು ಹೋಗಿ ಅಣ್ಣ. ನನ್ನ ಕಡೆಯಿಂದಾನೇ ತಪ್ಪಾಗಿರಬಹುದು" ಅಂದ.

ಯಾವಾಗಲೂ ಅಜ್ಜ ಆ ಅಂಗಡಿಯಲ್ಲಿ ಸ್ಟೂಲ್ ಎಳೆದುಕೊಂಡು ಕೂತು, ಟೀ ಕುಡಿದು, ಅರ್ಧ ಗಂಟೆ ಹರಟೆ ಹೊಡೆದೇ ಏಳುತ್ತಿದ್ದದ್ದು. ಅವತ್ತು ಕೂರಲೇ ಇಲ್ಲ. ಬಟಾಣಿ ಚೀಲ ಹೊತ್ತು ಅಜ್ಜನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು.

ನಡೆದದ್ದು ಇಷ್ಟು. ಮೂರು ವಾರದ ಹಿಂದೆ ಅಜ್ಜನ ಕಣ್ಣಿಗೆ ಆಪರೇಷನ್ ಆಯಿತು. ಬಗ್ಗಬಾರದು, ಧೂಳಿಗೆ ಹೋಗಬಾರದು ಅಂದರು ಡಾಕ್ಟರು. ಹಿತ್ತಲಿನ ಐದು ಬಾತುಗಳ ಉಸ್ತುವಾರಿ ಬಟಾಣಿಯ ಪಾಲಿಗೆ ಬಂತು. ಫೀಡ್ ನೆನೆಸಿ ಹಾಕಬೇಕು, ಸೊಪ್ಪು ಹೆಚ್ಚಿ ಹಾಕಬೇಕು, ಒಂದು ಡಬ್ಬಿ ಮುಚ್ಚಳದಲ್ಲಿ ಚಿಪ್ಪಿನ ಪುಡಿ ಇಡಬೇಕು. ಅವಳೇನೋ ಕುಣಿದುಕೊಂಡೇ ಒಪ್ಪಿಕೊಂಡಳು.

ಆದರೆ ಮೊದಲನೇ ದಿನ ಅವಳು ಬೋಗುಣಿ ಹಿಡಿದು ಹೋದರೆ ಐದೂ ಬಾತುಗಳು ಹಿಂದೆ ಹಿಂದೆ ಸರಿದವು. ಅಜ್ಜನನ್ನು ಕಂಡರೆ ಒಂದರ ಮೇಲೊಂದು ಬಿದ್ದು ಓಡಿ ಬರುವ ಬಾತುಗಳು! ಬಟಾಣಿಗೆ ಅಳು ಬಂದಂತಾಯಿತು. ಮಾರನೇ ದಿನ ಟಿಫಿನ್‌ನಲ್ಲಿ ಉಳಿದಿದ್ದ ಬನ್ನು ಎಸೆದು ನೋಡಿದಳು. ಒಂದು ಹತ್ತಿರ ಬಂತು. ಆಮೇಲೆ ಎರಡು ಬಂದವು.

ಸ್ಕೂಲ್ ಪಕ್ಕದ ಬೇಕರಿಯವನು ಹಿಂದಿನ ದಿನದ ಬನ್ನುಗಳನ್ನು ಸುಮ್ಮನೆ ಕೊಡುತ್ತಿದ್ದ. ವಾರದೊಳಗೆ ಬಾತುಗಳು ಅವಳ ಹಿಂದೆ ಮೆರವಣಿಗೆ ಹೊರಟವು. ಕ್ಲಾಸಿನ ಹುಡುಗಿಯರು ನೋಡೋಕೆ ಬಂದು, "ಅಯ್ಯೋ, ನೀನು ಹೇಳಿದ್ದೆಲ್ಲಾ ಕೇಳ್ತಾವಲ್ಲೇ" ಅಂದಾಗ ಬಟಾಣಿ ಹೆಮ್ಮೆಯಿಂದ ಒಂದಡಿ ಎತ್ತರ ಬೆಳೆದಿದ್ದಳು.

ಹೊಟ್ಟೆ ತುಂಬ ಬನ್ನು ತಿಂದ ಬಾತುಗಳು ಫೀಡ್ ಮುಟ್ಟುತ್ತಿರಲಿಲ್ಲ. ಉಳಿದದ್ದನ್ನು ಅವಳು ಗೋಡೆಯ ಆಚೆ ಚರಂಡಿಗೆ ಸುರಿಯುತ್ತಿದ್ದಳು. ದಿನಕ್ಕೆ ಐದು ಇದ್ದ ಮೊಟ್ಟೆ ಮೂರಾಯಿತು, ಒಂದಾಯಿತು. ಆ ಒಂದರ ಚಿಪ್ಪು ಎಷ್ಟು ತೆಳ್ಳಗಿತ್ತು ಅಂದರೆ, ಅಜ್ಜ ಕೈಗೆತ್ತಿಕೊಂಡ ಕೂಡಲೇ ಒಡೆದು ಬೆರಳ ಸಂದಿಯಲ್ಲಿ ಇಳಿದುಹೋಯಿತು.

ಅಂಗಡಿಗೆ ಹೋಗಿ ಬಂದ ಮಾರನೇ ದಿನ ಶನಿವಾರ, ಅರ್ಧ ದಿನ ಸ್ಕೂಲು. ಬಟಾಣಿ ಬರುವ ಹೊತ್ತಿಗೆ ಅಜ್ಜ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಕಣ್ಣಿಗೆ ಕಪ್ಪು ಕನ್ನಡಕ. ಹೊಸ ಚೀಲದ ಫೀಡನ್ನು ತಾನೇ ನೆನೆಸಿ ಬಾತುಗಳ ಮುಂದೆ ಇಟ್ಟಿದ್ದ. ಅವು ಒಂದೆರಡು ಸಲ ಕುಕ್ಕಿ ಸುಮ್ಮನೆ ನಿಂತಿದ್ದವು.

ಬಟಾಣಿ ಬಾಗಿಲು ದಾಟಿದಳೋ ಇಲ್ಲವೋ, ಐದೂ ಬಾತುಗಳು ಕ್ವಾಕ್ ಕ್ವಾಕ್ ಅಂತ ಬೋಗುಣಿಯನ್ನು ತುಳಿದುಕೊಂಡೇ ಅವಳ ಕಡೆ ಓಡಿದವು. ಒಂದು ಬ್ಯಾಗಿನ ಜಿಪ್ ಹಿಡಿದು ಎಳೆಯಿತು. ಇನ್ನೊಂದು ಬ್ಯಾಗಿನೊಳಗೇ ಕೊಕ್ಕು ತೂರಿಸಿತು.

ಅಜ್ಜನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿಯೇ ಇತ್ತು. "ಬ್ಯಾಗಲ್ಲಿ ಏನಿದೆ ಪುಟ್ಟಾ?" ಅಂದ.

ಏನಾದರೂ ಸುಳ್ಳು ಹೇಳೋಣ ಅಂದುಕೊಂಡಳು. ಹೊಳೆಯಲಿಲ್ಲ. "ಬನ್ನು" ಅಂದಳು.

"ಎಷ್ಟು ದಿನದಿಂದ?"

ಬಟಾಣಿ ಎಲ್ಲ ಹೇಳಿದಳು. ಚರಂಡಿಯ ವಿಷಯ ಹೇಳುವಾಗ ದನಿ ಪೂರ್ತಿ ಇಳಿದುಹೋಯಿತು. ಅಜ್ಜ ಬೈಯುತ್ತಾನೆ ಅಂತ ಕಾದಳು. ಅಜ್ಜ ಬೈಯಲಿಲ್ಲ. ಬನ್ನಿನಿಂದ ಬಾತಿನ ಹೊಟ್ಟೆ ತುಂಬುತ್ತೆ, ಮೊಟ್ಟೆ ತುಂಬಲ್ಲ ಅಂದ. ಒಳಗಿನ ಲೋಳೆ, ಹಳದಿ ಎಲ್ಲಾ ಆಗಬೇಕಾದದ್ದು ಫೀಡಿನಿಂದ, ಮೇಲಿನ ಚಿಪ್ಪು ಗಟ್ಟಿಯಾಗೋದು ಚಿಪ್ಪಿನ ಪುಡಿಯಿಂದ ಅಂತ ಪಾಠ ಹೇಳುವ ಹಾಗೆ ವಿವರಿಸಿದ. ಆಮೇಲೆ ಕೇಳಿದ:

"ನಿನ್ನೆ ಅಂಗಡೀಲಿ ನೀನು ನನ್ನ ಪಕ್ಕದಲ್ಲೇ ಇದ್ದೆ, ಅಲ್ವಾ?"

ಎರಡು ಏಟು ಹೊಡೆದಿದ್ದರೂ ಪರವಾಗಿರಲಿಲ್ಲ ಅನ್ನಿಸಿತು ಬಟಾಣಿಗೆ. ನೆಲ ನೋಡುತ್ತಾ ಹೂಂ ಅಂದಳು.

"ನನ್ನ ಚಪ್ಪಲಿ ಎಲ್ಲಿದೆ ನೋಡು" ಅಂತ ಅಜ್ಜ ಎದ್ದ.

ಅಂಗಡಿಯಲ್ಲಿ ಅವತ್ತೂ ಜನ ಇದ್ದರು. ಅಜ್ಜ ಕೌಂಟರ್ ಹಿಡಿದು ನಿಂತು ಗಂಟಲು ಸರಿ ಮಾಡಿಕೊಂಡ. "ನಂದೇ ತಪ್ಪು ಕಣಯ್ಯ. ಕಣ್ಣು ಸರಿಯಾಗಿ ಕಾಣದೆ..." ಅಂತ ಶುರು ಮಾಡಿದ.

ಬಟಾಣಿ ಮಾಡಿದ ತಪ್ಪನ್ನು ಅಜ್ಜ ತನ್ನ ಕಣ್ಣಿನ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಅಂತ ಅವಳಿಗೆ ಗೊತ್ತಾಯಿತು. "ಕಣ್ಣಿಂದಲ್ಲ ಮಾಮ, ನಾನು" ಅಂದಳು. ತಕ್ಕಡಿಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಅಂಗಡಿ ಮಾಮ "ಆಂ?" ಅಂದ. ಈಗ ಅದನ್ನೇ ಜೋರಾಗಿ ಹೇಳಬೇಕಾಯಿತು.

"ನಿಮ್ಮ ಫೀಡ್ ಚೆನ್ನಾಗೇ ಇತ್ತು. ನಾನು ಬಾತುಗಳಿಗೆ ಬನ್ನು ಹಾಕ್ತಿದ್ದೆ. ಫೀಡ್‌ನ ಚರಂಡಿಗೆ ಚೆಲ್ತಿದ್ದೆ."

ಎಲ್ಲರೂ ತಿರುಗಿದರು. ಯಾರೋ ಕಿಸಕ್ಕೆಂದರು. ಬಟಾಣಿಯ ಕಿವಿ ಕಾದು ಕೆಂಪಾಯಿತು.

ಅಂಗಡಿ ಮಾಮ ಅವಳನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ. ಬಾತುಗಳಿಗೂ ಬೇಕರಿ ರುಚಿ ಹತ್ತಿಸಿದೆಯಾ ಅಂತ ಕೇಳಿ, ಸ್ಟೂಲನ್ನು ಅಜ್ಜನ ಕಡೆ ತಳ್ಳಿ, ಎರಡು ಟೀ ಹೇಳಿದ. ಬನ್ನು ನಿಲ್ಲಿಸಿ ಫೀಡ್ ಹಾಕುತ್ತಾ ಹೋದರೆ ಕೆಲವು ವಾರದಲ್ಲಿ ಮೊಟ್ಟೆ ಮತ್ತೆ ಶುರುವಾಗುತ್ತೆ ಅಂದ. ಬೆಟ್ಟದಷ್ಟು ಭಯಪಟ್ಟದ್ದು ಒಂದು ಲೋಟ ಟೀಯಲ್ಲಿ ಮುಗಿದುಹೋಯಿತು.

ಮುಗಿದುಹೋಯಿತು ಅಂತ ಬಟಾಣಿಯೂ ಅಂದುಕೊಂಡಿದ್ದಳು. ಅಷ್ಟರಲ್ಲಿ ಅಂಗಡಿ ಮಾಮ ಟೀ ಊದುತ್ತಾ ಅಜ್ಜನ ಹತ್ತಿರ ಸುಮ್ಮನೆ ಮಾತಿಗೆ ಹೇಳಿದ: "ಪಕ್ಕದ ಬೀದಿ ಟೇಲರಮ್ಮ ಹತ್ತು ಕೋಳಿ ಸಾಕಿದ್ದಾರಲ್ಲ, ನಿನ್ನೆ ಅವರೂ ಇಲ್ಲೇ ಇದ್ದರು. ನೀವು ಹೋದ ಮೇಲೆ, ತೂಗಿಸಿದ್ದ ಚೀಲ ಇಲ್ಲೇ ಬಿಟ್ಟು ಹೋದರು. ಹೋಗ್ಲಿ ಬಿಡಿ, ಮತ್ತೆ ಬರ್ತಾರೆ."

ಬಟಾಣಿ ಅಂಗಡಿಯ ಸುತ್ತ ನೋಡಿದಳು. ಇವತ್ತು ಇದ್ದವರು ಬೇರೆ. ನಿನ್ನೆಯ ಐದಾರು ಜನರಲ್ಲಿ ಒಬ್ಬರೂ ಇರಲಿಲ್ಲ. ಅವರಿಗೆಲ್ಲ ಈ ಅಂಗಡಿಯ ಫೀಡ್ ಈಗಲೂ ಮರದ ಪುಡಿಯೇ.

"ಅವರ ಮನೆ ಎಲ್ಲಿ ಮಾಮ?" ಅಂತ ಕೇಳಿದಳು.

ಅಜ್ಜ ಟೀ ಲೋಟ ಕೆಳಗಿಟ್ಟು ಏಳಲು ಹೋದ. "ನೀನು ಕೂತ್ಕೋ ಅಜ್ಜ" ಅಂದಳು ಬಟಾಣಿ.

ಅಂಗಡಿ ಮಾಮ ದಾರಿ ಹೇಳಿದ. ಎಡಕ್ಕೆ ತಿರುಗಿದರೆ ನಾಲ್ಕನೇ ಮನೆ, ಹಸಿರು ಗೇಟು. ನಾಲ್ಕನೇ ಮನೆ, ಹಸಿರು ಗೇಟು ಅಂತ ಹೇಳಿಕೊಳ್ಳುತ್ತಾ ಅವಳು ಮೆಟ್ಟಿಲಿಳಿದಳು. ಕಿವಿಯ ಬಿಸಿ ಇನ್ನೂ ಆರಿರಲಿಲ್ಲ. ಗೇಟು ತೆಗೆದವರಿಗೆ ಮೊದಲು ಯಾವ ಮಾತು ಹೇಳಬೇಕೆಂದು ಯೋಚಿಸುತ್ತಾ ಅವಳು ಎಡಕ್ಕೆ ತಿರುಗಿದಳು.